ಬಾಳೆಎಲೆ, ಕಾಗೆ ಮತ್ತು ರಸ್ತೆಗುಂಡಿ

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತವನಿಗೆ ತನ್ನ ಎಲೆಯಷ್ಟೇ ಕಾಣುತ್ತದೆ. ಸಾಂಬಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬರುವವನಿಗೆ ಇಡೀ ಸಾಲು ಕಾಣುತ್ತದೆ. ಬೇಡವೆಂದು ಕೈ ಅಡ್ಡ ಹಿಡಿದವರು, ಹಪ್ಪಳ ಎಲ್ಲಿಯವರೆಗೆ ಬಂತೆಂದು ಕತ್ತು ಚಾಚಿದವರು, ಪಕ್ಕದವರ ಎಲೆಯ ಮೇಲೆ ಕಣ್ಣಿಟ್ಟವರು, ಲೋಕದ ಪರಿವೆಯಿಲ್ಲದೆ ಅನ್ನ ಕಲಸುತ್ತಿರುವವರು. ಮೈಸೂರಿನ ಎನ್.ಎಸ್. ಹರ್ಷ ಬಡಿಸುವವನ ಈ ಕಣ್ಣನ್ನೇ ಕ್ಯಾನ್ವಾಸಿಗೆ ತಂದರು. 1999ರಿಂದ 2001ರ ನಡುವೆ ಅವರು ಬರೆದ ‘ವಿ ಕಮ್, ವಿ ಈಟ್, ವಿ ಸ್ಲೀಪ್’ ಮೂರು ಫಲಕಗಳ ಕೃತಿ. ಒಂದರ ತುಂಬ ಬರುತ್ತಿರುವ ಜನ, ಇನ್ನೊಂದರ ತುಂಬ ಬಾಳೆಎಲೆಯ ಮುಂದೆ ಕೂತ ಜನ, ಮತ್ತೊಂದರ ತುಂಬ ಮಲಗಿದ ಜನ. ದೂರದಿಂದ ನೋಡಿದರೆ ಸೀರೆಯ ಮೈಮೇಲಿನ ಬುಟ್ಟಾಗಳ ಹಾಗೆ ಒಂದೇ ಆಕಾರ ಸಾಲುಸಾಲಾಗಿ ಬಂದಿದೆ ಅನಿಸುತ್ತದೆ. ಹತ್ತಿರ ಹೋದರೆ ಒಬ್ಬರಂತೆ ಇನ್ನೊಬ್ಬರಿಲ್ಲ. ಆ ಕೃತಿ ಈಗ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿರುವ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿದೆ.

ಚಿತ್ರ ಪ್ರದರ್ಶನಗಳಿಗೆ ಹೋಗುವವರು ಕಲಾವಿದರನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ಇದೆಲ್ಲ ನಿಮಗೆ ಹೊಳೆಯುವುದಾದರೂ ಹೇಗೆ?’ ಕಲಾಮಂದಿರದ ಸುಚಿತ್ರಾ ಗ್ಯಾಲರಿಯಲ್ಲಾಗಲಿ, ಎಲ್ಲರ ಬಾಯಲ್ಲಿ ‘ಕಾವಾ’ ಆಗಿರುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳ ಪ್ರದರ್ಶನದಲ್ಲಾಗಲಿ ಯಾರಾದರೊಬ್ಬರು ಈ ಮಾತು ಎತ್ತದೆ ಇರುವುದಿಲ್ಲ. ಪ್ರಶ್ನೆಯ ಹಿಂದೆ ಒಂದು ನಂಬಿಕೆಯಿದೆ. ಕಲಾವಿದ ಎಲ್ಲೋ ಬೆಟ್ಟದ ತುದಿಯಲ್ಲಿ ಕೂತಿರುತ್ತಾನೆ, ಇದ್ದಕ್ಕಿದ್ದಂತೆ ಸ್ಫೂರ್ತಿ ಉಕ್ಕುತ್ತದೆ, ಬೆಳಗಾಗುವುದರೊಳಗೆ ಚಿತ್ರ ಸಿದ್ಧ! ಈ ನಂಬಿಕೆಗೆ ನೀರೆರೆದು ಬೆಳೆಸಿದ್ದು ಸಿನಿಮಾ. ಮೈಸೂರಿನ ಚಿತ್ರಕಾರರ ಕತೆ ಹೇಳುವುದೇ ಬೇರೆ. ಇಲ್ಲಿ ಬಹುಕಾಲ ಸ್ಫೂರ್ತಿ ಬರುತ್ತಿದ್ದದ್ದು ಅರಮನೆಯಿಂದ, ಅಪ್ಪಣೆಯ ರೂಪದಲ್ಲಿ. ಅಪ್ಪಣೆ ನಿಂತ ಮೇಲೆ ಏನು ಬರೆಯಬೇಕೆಂಬುದನ್ನು ಅವರೇ ಹುಡುಕಿಕೊಳ್ಳಬೇಕಾಯಿತು. ಹಾಗೆ ಹುಡುಕಿದವರಲ್ಲಿ ಹೆಸರು ಉಳಿದದ್ದು, ಮನೆ ಬಾಗಿಲಲ್ಲೇ ಬಿದ್ದಿದ್ದನ್ನು ಪಟ್ಟು ಬಿಡದೆ ನೋಡಿದವರದು.

ಅಪ್ಪಣೆಯ ಕಾಲವನ್ನು ಹಗುರವಾಗಿ ಕಾಣಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ಯಾವ ದೇವರಿಗೆ ಎಷ್ಟು ಕೈ, ಯಾವ ಮೈಬಣ್ಣ, ಯಾವ ಆಯುಧ, ಯಾವ ವಾಹನ ಎಂಬುದೆಲ್ಲ ಚಿತ್ರಸಮೇತ ಇದೆ. ಚಿತ್ರಗಾರನಿಗೆ ವಿಷಯದ ಚಿಂತೆಯಿಲ್ಲ. ಅವನ ಬುದ್ಧಿಯೆಲ್ಲ ಖರ್ಚಾಗುತ್ತಿದ್ದದ್ದು ಕುಸುರಿ ಕೆಲಸದಲ್ಲಿ. ಮೈಸೂರು ಶೈಲಿಯ ಪಟವೊಂದರಲ್ಲಿ ದೇವಿಯ ಕೊರಳ ಸರವನ್ನು ಹತ್ತಿರದಿಂದ ನೋಡಬೇಕು. ಸಫೇದಾ ಪುಡಿ, ರೇವಲ್‌ಚಿನ್ನಿಯ ಹಳದಿ ಹಾಲು ಮತ್ತು ಅಂಟು ಸೇರಿಸಿ ಅರೆದ ಲೇಪವನ್ನು ಸಣ್ಣ ಕುಂಚದ ಮೊನೆಯಲ್ಲಿ ಎತ್ತಿ, ಸರದ ಒಂದೊಂದು ಮಣಿಗೂ ಒಂದೊಂದು ಚುಕ್ಕೆ ಇಟ್ಟಿರುತ್ತಾರೆ. ಅದರ ಮೇಲೆ ಚಿನ್ನದ ರೇಕು ಕೂರಿಸಿ, ಒಣಗಿದ ಮೇಲೆ ಹೆಚ್ಚಾದದ್ದನ್ನು ಮೃದುವಾಗಿ ಒರೆಸಿ ತೆಗೆಯುತ್ತಾರೆ. ತಂಜಾವೂರು ಪಟದಲ್ಲಿ ಈ ಉಬ್ಬು ದಪ್ಪ, ಮೇಲೆ ಹರಳುಗಳೂ ಕೂರುತ್ತವೆ. ಮೈಸೂರಿನದು ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ತೆಳು. ಅರಮನೆಯ ಪರಂಪರೆಯ ಕೊನೆಯ ದೊಡ್ಡ ಹೆಸರುಗಳಲ್ಲೊಬ್ಬರಾದ ವೈ. ಸುಬ್ರಹ್ಮಣ್ಯ ರಾಜು (1907–1993) ಈ ವಿದ್ಯೆಯನ್ನು ಕೈಬಿಡದೆ ಉಳಿಸಿಕೊಂಡು ಬಂದದ್ದರಿಂದ ಅದು ಇಂದಿಗೂ ಜೀವಂತವಾಗಿದೆ. 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು.

ಅರಮನೆಯೊಳಗೇ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ರಾಜಾ ರವಿವರ್ಮ 1885ರಲ್ಲಿ ಮೈಸೂರಿಗೆ ಬಂದದ್ದು, ಕೊನೆಗಾಲದಲ್ಲಿ ಇಲ್ಲಿನ ಹೊಸ ಅರಮನೆಗೆಂದು ಪುರಾಣದ ಒಂಬತ್ತು ಚಿತ್ರಗಳನ್ನು ಬರೆದದ್ದು ಹೆಚ್ಚಿನವರಿಗೆ ಗೊತ್ತು. ಅವರ ಚಿತ್ರಗಳನ್ನು ನೋಡಲು ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಜನ ಇಂದಿಗೂ ಹೋಗುತ್ತಾರೆ. ಹೊಸ ಅರಮನೆಯಾದ ಅಂಬಾವಿಲಾಸದ ಕಲ್ಯಾಣ ಮಂಟಪದ ಗೋಡೆಗಳ ವಿಷಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಲ್ಲಿ 26 ಫಲಕಗಳಿವೆ. ಕೆ. ಕೇಶವಯ್ಯ, ವೈ. ನಾಗರಾಜು, ಸುಬ್ರಹ್ಮಣ್ಯ ರಾಜು ಮೊದಲಾದವರು 1934ರಿಂದ 1945ರವರೆಗೆ ಅವುಗಳನ್ನು ಬರೆದರು. ವಿಷಯ ದಸರಾ ಮೆರವಣಿಗೆ. ಆನೆ, ಅಂಬಾರಿ, ಕುದುರೆ, ಬ್ಯಾಂಡು ಎಲ್ಲ ಇವೆ. ಕಲಾವಿದರು ಎದುರಿಗಿಟ್ಟುಕೊಂಡದ್ದು ಶಿಲ್ಪಶಾಸ್ತ್ರವನ್ನಲ್ಲ, ನಿಜವಾದ ಮೆರವಣಿಗೆಯ ಛಾಯಾಚಿತ್ರಗಳನ್ನು. ಹಾಗಾಗಿ ರುಮಾಲು ಸುತ್ತಿದ ಅಧಿಕಾರಿಗಳ ಮುಖಗಳು ಅಂದಿನ ಮೈಸೂರಿನ ನಿಜ ಮುಖಗಳು. ದೇವರನ್ನೇ ಬರೆಯುತ್ತ ಬಂದಿದ್ದ ಕೈಗಳು ಇಲ್ಲಿ ಸಾಲುಗಟ್ಟಿ ನಡೆಯುವ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಬರೆದವು. ಅಪ್ಪಣೆ ಅರಮನೆಯದೇ ಆಗಿದ್ದರೂ ಕಣ್ಣು ಆಗಲೇ ಬೀದಿಗೆ ಇಳಿದಿತ್ತು.

ಅಪ್ಪಣೆಗೆ ಬಗ್ಗದ ಮೊದಲ ದೊಡ್ಡ ಚಿತ್ರಕಾರ ಕೆ. ವೆಂಕಟಪ್ಪ (1886–1965). ಹುಟ್ಟಿದ್ದು ಆಸ್ಥಾನ ಚಿತ್ರಗಾರರ ಮನೆತನದಲ್ಲಿ. ಕೊಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರಿನಲ್ಲಿ ಅವರಿಗೆ ಹಿಡಿದ ಹುಚ್ಚು ವೀಣೆಯದು, ಗುರುಗಳು ವೀಣೆ ಶೇಷಣ್ಣ. ಕುಂಚ ಹಿಡಿದವನಿಗೆ ವೀಣೆ ಯಾಕೆ ಎಂದು ಕೇಳಿದವರಿರಬಹುದು. ಊಟಿಯ ಮಂಜು, ಮೋಡ, ಇಳಿಬೆಳಕನ್ನು ಹಿಡಿದ ಅವರ ಜಲವರ್ಣಗಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರದೇ ಹೆಸರಿನಲ್ಲಿರುವ ಗ್ಯಾಲರಿಯಲ್ಲಿ ನೋಡಿದರೆ ಒಂದು ಉತ್ತರ ಸಿಗುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವಲ್ಲಿ ಗೆರೆಯೇ ಕಾಣುವುದಿಲ್ಲ. ಸ್ವರದಿಂದ ಸ್ವರಕ್ಕೆ ಗಮಕದಲ್ಲಿ ಜಾರುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಬೆರಳಿಗೆ ಆ ತಾಳ್ಮೆ ಬಂದಿದ್ದರೆ ಆಶ್ಚರ್ಯವೇನೂ ಇಲ್ಲ. ಚಿತ್ರಕಾರನ ಪ್ರೇರಣೆ ಯಾವಾಗಲೂ ಕಣ್ಣಿಗೆ ಕಂಡದ್ದೇ ಆಗಿರಬೇಕಿಲ್ಲ ಎನ್ನುವುದಕ್ಕೆ ವೆಂಕಟಪ್ಪನವರಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಮೈಸೂರಿನಲ್ಲೇ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರದು ಇದೇ ದಾರಿಯ ಇನ್ನೊಂದು ಕವಲು. ಮದ್ರಾಸಿನಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಬಳಿ ಕಲಿತು, ಚೋಳಮಂಡಲ ಕಲಾವಿದರ ಗ್ರಾಮದ ಸ್ಥಾಪಕರಲ್ಲೊಬ್ಬರಾದ ಅವರಿಗೆ ಮತ್ತೆ ಮತ್ತೆ ಚಿತ್ರ ಕೊಟ್ಟದ್ದು ಕಾವ್ಯ. ಅವರ ಪ್ರಸಿದ್ಧ ‘ವೃಕ್ಷ’ ಸರಣಿಯ ಬೇರು ಬೇಂದ್ರೆಯವರ ಕವಿತೆಯಲ್ಲಿದೆ. ಮುಂದೆ ಎ.ಕೆ. ರಾಮಾನುಜನ್ ಅವರ ಕವಿತೆಗಳನ್ನು ಓದಿ ಒಂದು ಸರಣಿಯನ್ನೇ ಬರೆದರು. ರಾಮಾನುಜನ್ ಕೂಡ ಮೈಸೂರಿನವರೇ, ಮಹಾರಾಜ ಕಾಲೇಜಿನಲ್ಲಿ ಓದಿ ಶಿಕಾಗೊ ಸೇರಿದವರು. ಕವಿತೆಯನ್ನು ಚಿತ್ರವಾಗಿ ಅನುವಾದಿಸುವ ಗೋಜಿಗೆ ವಾಸುದೇವ್ ಹೋಗುವುದಿಲ್ಲ. ಓದಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತೋ ಅದನ್ನಷ್ಟೇ ಬರೆಯುತ್ತಾರೆ.

ಇನ್ನು ಕಾಗೆ. ಆರ್.ಕೆ. ಲಕ್ಷ್ಮಣ್ ಎಂದರೆ ದೇಶಕ್ಕೆಲ್ಲ ಚೌಕುಳಿ ಕೋಟಿನ ‘ಕಾಮನ್ ಮ್ಯಾನ್’ ನೆನಪಾಗುತ್ತಾನೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಈ ವ್ಯಂಗ್ಯಚಿತ್ರಕಾರನಿಗೆ ಜೀವನಪರ್ಯಂತ ಅಂಟಿಕೊಂಡ ವಸ್ತು ಮಾತ್ರ ಕಾಗೆ. ಗಿಣಿ, ನವಿಲುಗಳನ್ನು ಬಿಟ್ಟು ಕಾಗೆಯೇ ಏಕೆಂದರೆ, ಹಸಿರು ಮರ, ನೀಲಿ ಆಕಾಶ, ಕೆಂಪು ಮಣ್ಣಿನ ಎದುರು ಆ ಕಪ್ಪು ಹಕ್ಕಿ ಚಿಕ್ಕಂದಿನಲ್ಲೇ ತಮ್ಮ ಕಣ್ಣಿಗೆ ಎದ್ದು ಕಂಡಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದುತ್ತ, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆಯುತ್ತ ಕೈ ಪಳಗಿಸಿಕೊಂಡರು. ಮುಂದೆ ಅದೇ ಜೆ.ಜೆ. ಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು. ದಿನವೂ ರಾಜಕಾರಣಿಗಳನ್ನು ಬರೆಯಬೇಕಾದ ಮನುಷ್ಯ ಬಿಡುವು ಸಿಕ್ಕಾಗ ಕಾಗೆಗಳನ್ನು ಬರೆದರು, ಅವುಗಳ ಪ್ರದರ್ಶನವನ್ನೂ ಮಾಡಿದರು. ಕತ್ತು ಓರೆ ಮಾಡಿ ನೋಡುವ ಆ ಕಾಗೆಗೂ, ಮೂಲೆಯಲ್ಲಿ ನಿಂತು ಮಾತಿಲ್ಲದೆ ಎಲ್ಲವನ್ನೂ ನೋಡುವ ಕಾಮನ್ ಮ್ಯಾನಿಗೂ ಸಂಬಂಧವಿದೆ ಎಂದರೆ ಲಕ್ಷ್ಮಣ್ ಬಹುಶಃ ನಕ್ಕುಬಿಡುತ್ತಿದ್ದರು. ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಆ ಅನುಮಾನ ಬಲವಾಗುತ್ತದೆ.

ಪಿ.ಆರ್. ತಿಪ್ಪೇಸ್ವಾಮಿ (1922–2000) ಚಿತ್ರದುರ್ಗದ ಸೀಮೆಯಿಂದ ಬಂದು ಮೈಸೂರಿನವರಾದವರು. ನಿಸರ್ಗದೃಶ್ಯಗಳ ಜಲವರ್ಣಕ್ಕೆ ಹೆಸರಾದ ಅವರು ಆಯಸ್ಸಿನ ಬಹುಭಾಗ ಕಳೆದದ್ದು ಹಳ್ಳಿಯ ಅಟ್ಟ, ಕೊಟ್ಟಿಗೆಗಳಲ್ಲಿ ಧೂಳು ತಿನ್ನುತ್ತಿದ್ದ ವಸ್ತುಗಳ ಹಿಂದೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟುವಲ್ಲಿ ಅವರ ಪಾತ್ರ ದೊಡ್ಡದು. ತೊಗಲುಗೊಂಬೆ, ಸೋಮನ ಮುಖವಾಡ, ಮರದ ಸಾಮಾನುಗಳೆಲ್ಲ ಅಲ್ಲಿ ಸೇರಿದವು. ಮೈಸೂರಿನ ಕಲಾ ವಿದ್ಯಾರ್ಥಿಗೆ ಇದು ಅರಮನೆಗೆ ಬದಲಾಗಿ ಸಿಕ್ಕ ಇನ್ನೊಂದು ಪಾಠಶಾಲೆ. ತೊಗಲುಗೊಂಬೆಯಲ್ಲಿ ಮುಖ ಪಕ್ಕಕ್ಕೆ, ಎದೆ ಎದುರಿಗೆ, ಬಣ್ಣದ ಹಿಂದೆ ದೀಪ. ಆಧುನಿಕರು ಯುರೋಪಿನ ಪುಸ್ತಕದಲ್ಲಿ ಹುಡುಕಿದ ಎಷ್ಟೋ ಸಂಗತಿಗಳನ್ನು ಈ ಗೊಂಬೆಗಳನ್ನು ಆಡಿಸುವ ನಮ್ಮ ಗೊಂಬೆರಾಮರು ಆಗಲೇ ಬಳಸಿ ಹಳತು ಮಾಡಿದ್ದರು.

ಹರ್ಷ ಬಂದದ್ದು ಇಷ್ಟೆಲ್ಲ ಆದ ಮೇಲೆ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಕಾವಾದಲ್ಲಿ ಓದಿ, 1995ರಲ್ಲಿ ಬರೋಡಾದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಬರೋಡಾದ ಗಾಳಿಯಲ್ಲೇ ಒಂದು ಗುಣವಿತ್ತು. 1981ರಲ್ಲಿ ‘ಪ್ಲೇಸ್ ಫಾರ್ ಪೀಪಲ್’ ಎಂಬ ಪ್ರದರ್ಶನ ನಡೆಸಿದ ಗುಂಪಿನಲ್ಲಿ ಅಲ್ಲಿನ ಚಿತ್ರಕಾರರಾದ ಗುಲಾಮ್ ಮೊಹಮ್ಮದ್ ಶೇಖ್, ಭೂಪೇನ್ ಖಖ್ಖರ್ ಇದ್ದರು. ಅಮೂರ್ತ ಚಿತ್ರಗಳ ಅಬ್ಬರದ ನಡುವೆ ಊರು, ಜನ, ಕತೆ ಮತ್ತೆ ಚಿತ್ರದೊಳಗೆ ಬರಬೇಕೆಂದು ಹಟ ಹಿಡಿದವರು ಅವರು. ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ಖಖ್ಖರ್ ಕ್ಷೌರಿಕನನ್ನೂ ಗಡಿಯಾರ ರಿಪೇರಿಯವನನ್ನೂ ಚಿತ್ರದ ನಾಯಕರನ್ನಾಗಿ ಮಾಡಿದ್ದರು. ಆ ಪರಿಸರದಲ್ಲಿ ಕಲಿತ ಮೈಸೂರಿನ ಹುಡುಗ ಮುಂಬಯಿಗೋ ದೆಹಲಿಗೋ ಹೋಗಿ ನೆಲೆಸಲಿಲ್ಲ. ಊರಿಗೆ ವಾಪಸು ಬಂದ.

ಬಂದವನಿಗೆ ಎದುರಾದದ್ದು ಸಾಲು. ಮೈಸೂರು ಸಾಲಿನ ಊರು. ಮೆರವಣಿಗೆಯ ಸಾಲು, ಛತ್ರದ ಪಂಕ್ತಿ, ಸಾಮೂಹಿಕ ವಿವಾಹದ ವೇದಿಕೆ, ಭಾಷಣ ಕೇಳಲು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. 2003ರ ‘ಮಾಸ್ ಮ್ಯಾರೇಜ್’ ಹೆಸರೇ ಹೇಳುವಂತೆ ಸಾಮೂಹಿಕ ಮದುವೆಯ ಚಿತ್ರ. 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಆರು ಫಲಕಗಳ ತುಂಬ ಕುರ್ಚಿಯಲ್ಲಿ ಕೂತ ಜನರೇ. ಅವರೆಲ್ಲ ನೋಡುತ್ತಿರುವುದು ಚಿತ್ರ ನೋಡಲು ಬಂದವರನ್ನು. ಗ್ಯಾಲರಿಗೆ ಹೋದ ಬಡಪಾಯಿ ಇದ್ದಕ್ಕಿದ್ದಂತೆ ಭಾಷಣಕಾರನಾಗಿಬಿಡುತ್ತಾನೆ! ಈ ತುಂಟತನ ಹರ್ಷ ಅವರ ಸ್ವಂತದ್ದು. ಕಲ್ಯಾಣ ಮಂಟಪದ ಫಲಕಗಳಲ್ಲೂ ಸಾಲಿದೆ, ಅಲ್ಲಿ ಸಾಲಿನ ನಡುವೆ ಆನೆಯ ಮೇಲೆ ರಾಜರಿದ್ದಾರೆ. ಹರ್ಷ ಅವರ ಸಾಲಿನಲ್ಲಿ ನಡುವೆ ಯಾರೂ ಇಲ್ಲ. ಎಲ್ಲರೂ ಒಂದೇ ಅಳತೆ, ಒಂದೇ ಎಲೆ, ಒಂದೇ ಕುರ್ಚಿ. ಆರೇಳು ದಶಕಗಳಲ್ಲಿ ಮೈಸೂರು ಕಂಡ ಬದಲಾವಣೆಯನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ. ಹರ್ಷ ಆ ಫಲಕಗಳಿಂದ ಪ್ರೇರಣೆ ಪಡೆದರೆಂದು ಇಲ್ಲಿ ವಾದ ಹೂಡುತ್ತಿಲ್ಲ. ಒಂದೇ ಊರಿನ ಕಣ್ಣುಗಳಿಗೆ ಒಂದೇ ಸಂಗತಿ ಎರಡು ಕಾಲದಲ್ಲಿ ಕಂಡಿತು ಎಂದಷ್ಟೇ ಹೇಳಬಹುದು. ಹದಿನಾರನೇ ಶತಮಾನದಲ್ಲಿ ಪೀಟರ್ ಬ್ರೂಗಲ್ ಎಂಬ ಚಿತ್ರಕಾರನೂ ರೈತರ ಮದುವೆಯ ಊಟವನ್ನು ಬರೆದಿದ್ದಾನೆ. ಆ ಚಿತ್ರ ಈಗ ವಿಯೆನ್ನಾದಲ್ಲಿದೆ. ಉಣ್ಣುವ ಮನುಷ್ಯನ ಮುಖ ಚಿತ್ರಕಾರರನ್ನು ಎಲ್ಲ ದೇಶದಲ್ಲೂ ಎಳೆದಿದೆ.

ಪಂಕ್ತಿಯನ್ನು ಹಿಡಿದುಕೊಂಡೇ ಹರ್ಷ ಬಹಳ ದೂರ ಹೋದರು. 2006ರಲ್ಲಿ ಸಿಂಗಪುರದ ಶ್ರೀಕೃಷ್ಣನ್ ದೇವಸ್ಥಾನದಲ್ಲಿ ಮಲಗಿದ ಜನರ ಆಕೃತಿಗಳನ್ನು ಬರೆದರು. 2007ರ ‘ನೇಷನ್ಸ್’ ಕೃತಿಯಲ್ಲಿ ನಮ್ಮ ಗಲ್ಲಿಯ ದರ್ಜಿ ಅಂಗಡಿಯಲ್ಲಿರುವಂಥ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಗಳಿವೆ. ಒಂದೊಂದರ ಮೇಲೆ ಒಂದೊಂದು ದೇಶದ ಬಾವುಟ. 2008ರಲ್ಲಿ ಟೋಕಿಯೊದಲ್ಲಿ ಮಾಡಿದ ‘ಲೆಫ್ಟೋವರ್ಸ್’ನಲ್ಲಿ ಉಂಡು ಬಿಟ್ಟ ಬಾಳೆಎಲೆಗಳ ಸಾಲೇ ಇತ್ತು. ಜಪಾನಿನ ಹೋಟೆಲುಗಳು ಕಿಟಕಿಯಲ್ಲಿಡುವ ನಕಲಿ ತಿಂಡಿಗಳಿರುತ್ತವಲ್ಲ, ಅದೇ ಕಸುಬಿನಿಂದ ತಯಾರಾದ ಎಲೆ, ಅದೇ ಕಸುಬಿನ ಅನ್ನ. ಆ ವರ್ಷವೇ ಬ್ರಿಟನ್ನಿನ ವೇಲ್ಸ್‌ನಲ್ಲಿ 40,000 ಪೌಂಡುಗಳ ಆರ್ಟೆಸ್ ಮುಂಡಿ ಪ್ರಶಸ್ತಿ ಅವರಿಗೆ ಬಂತು. 2017ರಲ್ಲಿ ಟೋಕಿಯೊದ ಮೋರಿ ಆರ್ಟ್ ಮ್ಯೂಸಿಯಂ ಅವರ ಅಷ್ಟೂ ವರ್ಷಗಳ ಕೆಲಸದ ದೊಡ್ಡ ಪ್ರದರ್ಶನ ನಡೆಸಿತು. ಜಗತ್ತಿಗೆ ಅರ್ಥವಾಗಲಿ ಎಂದು ಅವರು ಬಾಳೆಎಲೆ ಬಿಟ್ಟು ತಟ್ಟೆ ಬರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಎಲ್ಲ ಪ್ರೇರಣೆಯೂ ಪ್ರೀತಿಯಿಂದಲೇ ಹುಟ್ಟುವುದಿಲ್ಲ, ಸಿಟ್ಟಿನಿಂದಲೂ ಹುಟ್ಟುತ್ತದೆ. ಮೈಸೂರಿನ ಕುಕ್ಕರಹಳ್ಳಿಯ ಬಾದಲ್ ನಂಜುಂಡಸ್ವಾಮಿ ಕಾವಾದಲ್ಲಿ ಓದಿದವರು, ಇವರ ಕ್ಯಾನ್ವಾಸು ಡಾಂಬರು ರಸ್ತೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ತುಂಬಿದ ಗುಂಡಿಯೊಂದರೊಳಗೆ ಮೊಸಳೆಯ ಪ್ರತಿಕೃತಿ ತಂದು ಮಲಗಿಸಿದರು. ಜನ ನಿಂತು ನೋಡಿದರು, ಪತ್ರಿಕೆಗಳಲ್ಲಿ ಫೋಟೊ ಬಂತು, ಗುಂಡಿ ಮುಚ್ಚಿತು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟ ಪೂರ್ಣಚಂದ್ರ ಮೈಸೂರು ನಿಧಾನವಾಗಿ ಹೆಜ್ಜೆ ಹಾಕುವ ವಿಡಿಯೊ ಮಾಡಿದರು. ಚಂದ್ರಯಾನ–2 ಎಲ್ಲರ ಬಾಯಲ್ಲಿದ್ದ ದಿನಗಳವು. ಚಂದ್ರನ ಮೇಲ್ಮೈ ಎಂದುಕೊಂಡು ನೋಡುತ್ತಿರುವಾಗ ಪಕ್ಕದಲ್ಲೊಂದು ಆಟೊ ಹಾದುಹೋಗುತ್ತದೆ. ಆ ವಿಡಿಯೊ ದೇಶದಾಚೆಗೂ ಸುದ್ದಿಯಾಯಿತು. ಇದನ್ನು ಚಿತ್ರಕಲೆ ಎನ್ನಬಹುದೇ ಎಂದು ಮೂಗು ಮುರಿಯುವವರಿದ್ದಾರೆ. ರಸ್ತೆಗುಂಡಿಯನ್ನು ಊರಿನವರೆಲ್ಲ ದಿನವೂ ನೋಡುತ್ತಾರೆ, ಬೈದುಕೊಂಡು ದಾಟುತ್ತಾರೆ. ಅದರಲ್ಲಿ ಮೊಸಳೆಯ ಕೊಳ ಕಾಣಲು ಕಲಾಶಾಲೆಯಲ್ಲಿ ಪಳಗಿದ ಕಣ್ಣೇ ಬೇಕು.

ಕಾವಾದಿಂದ ಹೊರಬಿದ್ದು ಬೇರೆಡೆ ನೆಲೆಸಿದವರೂ ಇದ್ದಾರೆ. ಮಂಗಳೂರಿನ ಮಂಜುನಾಥ ಕಾಮತ್ 1994ರಲ್ಲಿ ಇಲ್ಲಿ ಶಿಲ್ಪಕಲೆಯ ಪದವಿ ಪಡೆದು ದೆಹಲಿ ಸೇರಿದರು. ಯಕ್ಷಗಾನ ನೋಡಿ ಬೆಳೆದವರ ಕಲ್ಪನೆಯ ಅಬ್ಬರ ಅವರ ಕೆಲಸದಲ್ಲಿದೆ. ಊರು ಬಿಟ್ಟರೂ ಬಾಲ್ಯದ ಆಟದ ಮೇಳ ಬೆನ್ನು ಬಿಡುವುದಿಲ್ಲ.

ಇಂದಿನ ವಿದ್ಯಾರ್ಥಿಯ ಕಷ್ಟ ಬೇರೆ. ಅವನ ಜೇಬಿನ ಫೋನಿನಲ್ಲಿ ಜಗತ್ತಿನ ಅಷ್ಟೂ ಮ್ಯೂಸಿಯಂಗಳಿವೆ. ಹಿಂದೆ ಚಿತ್ರ ನೋಡಲು ಸಿಗುತ್ತಿರಲಿಲ್ಲ, ಈಗ ನೋಡಿ ಮುಗಿಯುವುದಿಲ್ಲ. ಪರಿಣಾಮವಾಗಿ ಚಿತ್ರ ನೋಡಿ ಚಿತ್ರ ಬರೆಯುವುದು ಹೆಚ್ಚುತ್ತಿದೆ. ಬೆಂಗಳೂರು, ಬರೋಡಾ, ಬರ್ಲಿನ್ ಎಲ್ಲ ಕಡೆಯ ಯುವಕರ ಕ್ಯಾನ್ವಾಸು ಒಂದೇ ಥರ ಕಾಣತೊಡಗಿದೆ. ಪಕ್ಕದಲ್ಲಿ ಅಂಟಿಸಿದ ವಿವರಣೆಯ ಚೀಟಿ ಚಿತ್ರಕ್ಕಿಂತ ಭಾರವಾಗಿರುತ್ತದೆ. ತಪ್ಪು ಹುಡುಗರದ್ದಷ್ಟೇ ಅಲ್ಲ. ಎದುರಿಗೆ ನಿಂತು ‘ಇದು ನಮ್ಮ ಮಾರ್ಕೆಟ್ಟಿನ ವೀಳ್ಯದೆಲೆ ಅಂಗಡಿ ಅಲ್ಲವೇ’ ಎಂದು ಗುರುತು ಹಿಡಿಯುವ ನೋಡುಗರು ಊರಲ್ಲಿಲ್ಲದಿದ್ದರೆ ಚಿತ್ರಕಾರ ಯಾರಿಗಾಗಿ ಆ ಅಂಗಡಿಯನ್ನು ಬರೆಯಬೇಕು? ಅರಮನೆಯ ಕಾಲದಲ್ಲಿ ಒಬ್ಬ ಒಡೆಯರು ಆ ಕೆಲಸ ಮಾಡುತ್ತಿದ್ದರು. ಈಗ ಅದನ್ನು ಊರಿನವರೆಲ್ಲ ಹಂಚಿಕೊಳ್ಳಬೇಕಾಗಿದೆ.

ಆದ್ದರಿಂದ ಮೈಸೂರಿಗರಲ್ಲಿ, ಮೈಸೂರು ನೋಡಲು ಬರುವವರಲ್ಲಿ ಒಂದು ವಿನಂತಿ. ಈ ಸಲ ಅರಮನೆಗೆ ಹೋದಾಗ ಹಿಂದಿನವರು ತಳ್ಳಿದರೂ ಸರಿ, ಕಲ್ಯಾಣ ಮಂಟಪದ ಒಂದೇ ಒಂದು ಫಲಕದ ಮುಂದೆ ನಿಂತು ಅದರೊಳಗಿನ ಮುಖಗಳನ್ನು ನೋಡಿ. ಉಳಿದ ಸಮಯದಲ್ಲಿ ಸಿದ್ಧಾರ್ಥನಗರದ ಕಾವಾಕ್ಕೆ ಒಮ್ಮೆ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳ ಪ್ರದರ್ಶನ ನಡೆಯುತ್ತಿದ್ದರೆ, ಇಷ್ಟವಾದ ಒಂದು ಸಣ್ಣ ಚಿತ್ರವನ್ನು ಚೌಕಾಸಿ ಮಾಡದೆ ಕೊಂಡು ಮನೆಯ ಗೋಡೆಗೆ ಹಾಕಿ.